ಭಾರತಿಯ ಚಳಿಗಾಲಕ್ಕೆ ಜೊತೆಯಾದವರಿಗೆ

ಅಂಟಾರ್ಕ್ಟಿಕಾದ ಲಾರ್ಸ್‌ಮನ್ ಬೆಟ್ಟಗಳಲ್ಲಿರುವ ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರದಲ್ಲಿ ಒಂದು ಪೂರ್ಣ ಚಳಿಗಾಲ ಕಳೆದು ಕ್ಷೇಮವಾಗಿ ಮರಳಿದ್ದೇನೆ. ಅಲ್ಲಿ ದೇಹವನ್ನು ಬೆಚ್ಚಗಿಟ್ಟ ಉಡುಪುಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮನಸ್ಸನ್ನು ಕಾಯ್ದ ಗೋಡೆ, ಬಾಗಿಲು, ಮೇಜುಗಳ ಬಗ್ಗೆ ಕೇಳುವವರು ಕಡಿಮೆಯಾದ್ದರಿಂದ ವಂದನೆಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

2012ರಲ್ಲಿ ಕಾರ್ಯಾರಂಭ ಮಾಡಿದ ಈ ಕಟ್ಟಡವನ್ನು 134 ಹಡಗು ಕಂಟೇನರ್‌ಗಳನ್ನು ಜೋಡಿಸಿ, ಹೊರಗೆ ಲೋಹದ ಹೊದಿಕೆ ತೊಡಿಸಿ ಕಟ್ಟಲಾಗಿದೆ. ಒಳಗಿದ್ದಾಗ ಅದು ನೆನಪಿಗೂ ಬರುವುದಿಲ್ಲ. ಹಾಗೆ ರೂಪಿಸಿದ ಹ್ಯಾಂಬರ್ಗಿನ ಬಾಫ್ ವಾಸ್ತುಶಿಲ್ಪಿಗಳಿಗೂ, ಕೇಂದ್ರವನ್ನು ನಡೆಸುತ್ತಿರುವ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೂ ನಾನು ಋಣಿ. ಬೇಕೆಂದಾಗ ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು ಇದ್ದುದರಿಂದಲೇ, ಅದನ್ನು ತೆರೆದು ಊಟದ ಮೇಜಿಗೆ ಬಂದು ಕೂರುವುದು ನನಗೆ ಎಂದೂ ಹೊರೆಯೆನಿಸಲಿಲ್ಲ. ಅದೇ ಮುಖಗಳನ್ನು ತಿಂಗಳುಗಟ್ಟಲೆ ನೋಡಬೇಕಾದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸುಮಾರು ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಹಿಮಗಡ್ಡೆಗಳನ್ನು ತೋರಿಸುತ್ತಿದ್ದ ದೊಡ್ಡ ಕಿಟಕಿಗಳು ಆಗ ನಮ್ಮ ಮುಖಗಳನ್ನೇ ನಮಗೆ ತೋರಿಸುತ್ತವೆ. ಬ್ರಿಟನ್ನಿನ ಹ್ಯಾಲಿ-6 ಕೇಂದ್ರವನ್ನು ಕಟ್ಟಿದವರು ಇಂಥ ಕತ್ತಲೆಗೆಂದು ಬೆಳಗಿನ ಬೆಳಕನ್ನು ಹೋಲುವ ದೀಪಗಳನ್ನೂ, ಸುವಾಸನೆಗೆಂದೇ ದೇವದಾರು ಜಾತಿಯ ಮರದ ಹೊದಿಕೆಯನ್ನೂ ಬಳಸಿದ್ದರು. ನಮ್ಮಲ್ಲಿ ಬೆಳಗನ್ನು ತಂದವರು, ನಿಗದಿತ ಹೊತ್ತಿಗೆ ದೀಪಗಳನ್ನೆಲ್ಲ ಹಾಕಿಸಿ ಎಲ್ಲರನ್ನೂ ತಿಂಡಿಗೆ ಕೂರಿಸುತ್ತಿದ್ದ ತಂಡದ ನಾಯಕರು. ಸುವಾಸನೆಯ ಕೆಲಸವನ್ನು ಅಡುಗೆಯವರ ಒಗ್ಗರಣೆ ನೋಡಿಕೊಂಡಿತು. (ತಾಜಾ ಕರಿಬೇವು ಇಲ್ಲದೆಯೂ ಅದು ಸಾಧ್ಯವೆಂದು ನಾನು ನಂಬಿರಲಿಲ್ಲ.) ಜೂನ್ 21ರ ಮಧ್ಯ ಚಳಿಗಾಲದ ದಿನ ಬೇರೆ ದೇಶಗಳ ಕೇಂದ್ರಗಳಿಂದ ಬಂದ ಶುಭಾಶಯಗಳನ್ನು ಊಟದ ಮನೆಯ ಗೋಡೆಗೆ ಅಂಟಿಸಿದ ಗೆಳೆಯರನ್ನೂ ಇಲ್ಲಿ ನೆನೆಯುತ್ತೇನೆ.

ಹೊರಡುವ ಮೊದಲು ಉತ್ತರಾಖಂಡದ ಔಲಿಯ ಹಿಮದಲ್ಲಿ ನಮ್ಮನ್ನು ತಿದ್ದಿದ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ತರಬೇತುದಾರರಿಗೆ, ಕರೆ ಕಡಿದುಹೋದಾಗಲೆಲ್ಲ ಗಾಬರಿಯಾಗದೆ ಕಾದ ಮನೆಯವರಿಗೆ ನಮಸ್ಕಾರಗಳು.

ಅಂಟಾರ್ಕ್ಟಿಕಾದಲ್ಲಿ 1989ರಿಂದ ದುಡಿಯುತ್ತಿರುವ ನಮ್ಮ ಇನ್ನೊಂದು ಕೇಂದ್ರವಾದ ಮೈತ್ರಿಯ ಬದಲಿಗೆ ಹೊಸ ಕೇಂದ್ರ ಕಟ್ಟುವ ಸಿದ್ಧತೆ ನಡೆದಿದೆ. ಅದರ ನಕ್ಷೆ ಬರೆಯುವವರು ಚಳಿಗಾಲ ಕಳೆದು ಬಂದವರನ್ನೂ ಜೊತೆಗೆ ಕೂರಿಸಿಕೊಳ್ಳಲಿ. ನನ್ನನ್ನು ಕೇಳಿದರೆ, ದೊಡ್ಡ ಸಭಾಂಗಣಕ್ಕಿಂತ ಮೊದಲು, ಇಬ್ಬರು ಮಾತ್ರ ಕುಳಿತು ಮಾತಾಡಬಹುದಾದ ಒಂದೆರಡು ಮೂಲೆಗಳನ್ನು ಬೇಡುತ್ತೇನೆ.