‘ಚೆನ್ನಾಗಿದೆ’ ಅಂದರೆ ಸಾಲದು

ಸಂಪಾದಕರೇ,

ನಾನು ನಿವೃತ್ತ ಬ್ಯಾಂಕ್ ಗುಮಾಸ್ತ, ಕಥೆ ಬರೆಯುವ ಹುಚ್ಚು. ಮನೆಯಲ್ಲಿ ಓದಿದರೆ ‘ಚೆನ್ನಾಗಿದೆ ರೀ’ ಅನ್ನುತ್ತಾರೆ, ಮುಗಿಯಿತು. ಭಾನುವಾರ ಲಾಲ್‌ಬಾಗ್ ಬಂಡೆಯ ಮೇಲೆ ನಾವು ನಾಲ್ವರು ಬರೆಯುವವರು ಸೇರುತ್ತೇವೆ. ಕಳೆದ ವಾರ ಗೆಳೆಯರೊಬ್ಬರು, ‘ಸ್ವಾಮಿ, ಮೊದಲ ಎರಡು ಪುಟ ಬರೀ ಮಳೆ. ಅಜ್ಜಿ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗಲೇ ಕಥೆ ಶುರು, ಅಲ್ವಾ?’ ಎಂದರು. ಸಿಟ್ಟು ಬಂತು. ಕಾಫಿಗೂ ನಿಲ್ಲದೆ ಮನೆಗೆ ಬಂದೆ. ರಾತ್ರಿ ಆ ಎರಡು ಪುಟ ಬಿಟ್ಟು ಓದಿದೆ. ಅವರ ಮಾತೇ ಸರಿ. (ಮಳೆಯ ಒಂದು ಸಾಲು ಉಳಿಸಿಕೊಂಡೆ, ಹಟಕ್ಕೆ.)

ನಿಜವಾದ ಮಳೆ ಬಂದರೆ ನಮಗೆ ಜಾಗವಿಲ್ಲ. ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಬಡಾವಣೆಯ ಗ್ರಂಥಾಲಯಗಳಲ್ಲಿ ಭಾನುವಾರ ಎರಡು ಗಂಟೆ ಒಂದು ಮೂಲೆ ಕೊಡಬಾರದೇ?

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು