ಹುಡುಗ್ರು ಪ್ರಶ್ನೆ ಕೇಳಿದ್ರೆ ಗದರಿಸ್ಬೇಡಿ

ಮಾನ್ಯ ಸಂಪಾದಕರೇ,

ಈಗಿನ ಹೈಸ್ಕೂಲು, ಪಿಯುಸಿ ಹುಡುಗ್ರಿಗೆ ಧರ್ಮ ಗಿರ್ಮ ಏನೂ ಬೇಡ, ಕೈಲಿ ಮೊಬೈಲ್ ಒಂದಿದ್ರೆ ಸಾಕು ಅಂತ ನಮ್ಮ ಜೈನ ಬಸದಿಲಿ, ಮದ್ವೆ ಮನೇಲಿ, ಎಲ್ಲಿ ಹೋದ್ರೂ ಹಿರಿಯರು ಹೇಳ್ತಾನೇ ಇರ್ತಾರೆ. ನಾನಿದನ್ನ ಒಪ್ಪಲ್ಲ. ಹಾಸನದಲ್ಲಿ ನಮ್ಮ ಭಾನುವಾರದ ಪಾಠಶಾಲೇಲಿ ದೊಡ್ಡ ಮಕ್ಕಳ ಕ್ಲಾಸನ್ನ ಈ ವರ್ಷ ಮೊದಲನೇ ಸಲ ನನಗೆ ವಹಿಸಿದಾರೆ, ಅವ್ರ ಜೊತೆ ಕೂತು ನೋಡಿದ ಮೇಲೆ ಹೇಳ್ತಿದೀನಿ, ಮಕ್ಕಳು ಕೇಳೋಕೆ ರೆಡಿ ಇದಾರೆ, ಅವ್ರು ಕೇಳಿದ್ದಕ್ಕೆ ಉತ್ರ ಕೊಡೋಕೆ ದೊಡ್ಡೋರೇ ರೆಡಿ ಇಲ್ಲ.

ಚಿಕ್ಕ ಮಕ್ಕಳಿಗೆ ಣಮೋಕಾರ ಮಂತ್ರ, 24 ತೀರ್ಥಂಕರರ ಹೆಸರು, ಅವ್ರ ಗುರುತಿನ ಲಾಂಛನ ಎಲ್ಲಾ ಬಾಯಿಪಾಠ ಮಾಡಿಸ್ತೀವಿ, ಆದಿನಾಥರಿಗೆ ಎತ್ತು, ಪಾರ್ಶ್ವನಾಥರಿಗೆ ಹಾವು, ಮಹಾವೀರರಿಗೆ ಸಿಂಹ ಅಂತ. ಅದು ಬೇಕು, ಬೇಡ ಅನ್ನಲ್ಲ. ಆದ್ರೆ ಹದಿನೈದು ವರ್ಷದ ಹುಡುಗನ್ನೂ ಕೂರಿಸಿ ಅದನ್ನೇ ಹೇಳಿಸಿದ್ರೆ ಅವನು ಮುಂದಿನ ವಾರ ಬರ್ತಾನಾ?

ಒಂದು ದಿನದ ವಿಷ್ಯ ಹೇಳ್ತೀನಿ. ನಮ್ಮ ಹತ್ತು ದಿನದ ಹಬ್ಬ ದಶಲಕ್ಷಣ ಪರ್ವದಲ್ಲಿ ಮನೇಲಿ ಆಲೂಗಡ್ಡೆ ಯಾಕೆ ಮಾಡಲ್ಲ ಅಂತ ವಿವರಿಸ್ತಿದ್ದೆ, ನೆಲದೊಳಗೆ ಬೆಳೆಯೋ ಗಡ್ಡೇಲಿ ಲೆಕ್ಕ ಇಲ್ಲದಷ್ಟು ಜೀವಗಳು ಒಂದೇ ಶರೀರದಲ್ಲಿ ಇರ್ತವೆ, ಅದಕ್ಕೇ ಅನಂತಕಾಯ ಅಂತಾರೆ ಅಂದೆ. ಹಿಂದೆ ಕೂತಿದ್ದ ಹುಡುಗ ಎದ್ದು ನಿಂತು, "ಆಂಟಿ, ನಾವು ತಿನ್ನಲ್ಲ ಸರಿ, ಆದ್ರೆ ನಮ್ಮಪ್ಪ ಮುಂಗಾರಲ್ಲಿ ಬೆಳೆಯೋದೇ ಆಲೂಗಡ್ಡೆ, ಅಂಗಮಾರಿ ರೋಗ ಬಂದ್ರೆ ಔಷಧಿ ಹೊಡೀತಾರೆ, ಆ ದುಡ್ಡಲ್ಲೇ ನನ್ನ ಕಾಲೇಜ್ ಫೀಸ್ ಕಟ್ಟಿದ್ದು, ಈಗ ಪಾಪ ಯಾರಿಗೆ?" ಅಂದ. ಬಾಗ್ಲ ಹತ್ರ ಕೂತಿದ್ದ ಹಿರಿಯರೊಬ್ರು ತಕ್ಷಣ "ಸುಮ್ನೆ ಕೂತ್ಕೊಳೋ, ಎದುರು ಮಾತಾಡ್ತೀಯಾ" ಅಂತ ಗದರಿದ್ರು. ಅವನ ಮುಖ ಬಾಡೋಯ್ತು. ಹಾಸನದ ಸುತ್ತಮುತ್ತ ಎಷ್ಟು ಮನೆ ಆಲೂಗಡ್ಡೆ ನಂಬ್ಕೊಂಡಿಲ್ಲ ಹೇಳಿ, ಆ ಹುಡುಗ ಕೇಳಿದ್ದು ಅವನ ಮನೆ ಅನ್ನದ ಪ್ರಶ್ನೆ, ಅದ್ರಲ್ಲಿ ಎದುರು ಮಾತು ಎಲ್ಲಿಂದ ಬಂತು?

ನಾನು ಹಿರಿಯರಿಗೆ "ಅಣ್ಣಾ, ಅವನು ಕೇಳ್ಲಿ ಬಿಡಿ" ಅಂತ ಹೇಳಿ ಬೋರ್ಡ್ ಮೇಲೆ ನಾಲ್ಕು ಹಿಂಸೆ ಬರೆದೆ. ಬೇಕೂಂತ ಕೊಲ್ಲೋದು ಸಂಕಲ್ಪಿ, ಅಡುಗೆ ಮಾಡುವಾಗ ಕಸ ಗುಡಿಸುವಾಗ ಆಗೋದು ಆರಂಭಿ, ಬೇಸಾಯದಂಥ ಕಸುಬಲ್ಲಿ ಆಗೋದು ಉದ್ಯೋಗಿ, ಪ್ರಾಣ, ಮನೆ, ನಾಡು ಕಾಪಾಡ್ಕೊಳ್ಳೋಕೆ ಹೋರಾಡುವಾಗ ಆಗೋದು ವಿರೋಧಿ. ಸಂಸಾರಸ್ಥರು ಪೂರ್ತಿ ಬಿಡಲೇಬೇಕಾದ್ದು ಮೊದಲನೇದು, ಮಿಕ್ಕಿದ್ದನ್ನ ಆದಷ್ಟು ಕಡಿಮೆ ಮಾಡ್ತಾ ಬರಬೇಕು, ಅದಕ್ಕೇ ನಮ್ಮದು ಅಣುವ್ರತ, ಅಂದ್ರೆ ಚಿಕ್ಕ ವ್ರತ, ಮುನಿಗಳದ್ದು ಪೂರ್ತಿ ಬಿಡೋ ಮಹಾವ್ರತ. ನಿಮ್ಮಪ್ಪ ಊರಿಗೆ ಅನ್ನ ಹಾಕೋರು ಕಣೋ ಅಂದೆ. ಅವನು ಅಷ್ಟಕ್ಕೇ ಬಿಡಲಿಲ್ಲ, ಹಾಗಾದ್ರೆ ಔಷಧೀನ ಎಷ್ಟು ಕಡಿಮೆ ಮಾಡಬಹುದು ಅಂತ ಕೇಳ್ದ, ಆಮೇಲೆ ಮಕ್ಕಳೇ ಶುರು ಮಾಡ್ಕೊಂಡ್ರು, ರೋಗ ಇಲ್ಲದ ಬಿತ್ತನೆ ಗಡ್ಡೆ ಹಾಕಬೇಕು, ಪಕ್ಕದ ಹೊಲದೋರು ಹೊಡೆದ್ರು ಅಂತ ನಾವೂ ಹೊಡೀಬಾರದು, ಬೆಳೆ ನೋಡಿ ಹೊಡೀಬೇಕು ಅಂತೆಲ್ಲಾ. ಅಹಿಂಸೆ ಬಗ್ಗೆ ಇಷ್ಟು ಜೀವಂತವಾದ ಮಾತು ದೊಡ್ಡೋರ ಪ್ರವಚನದಲ್ಲೂ ನಾನು ಕೇಳಿರಲಿಲ್ಲ.

ಯಾವ ಮಾತೂ ಒಂದು ಕಡೆಯಿಂದ ನೋಡಿದಾಗಷ್ಟೇ ನಿಜ ಅನ್ನೋ ಸ್ಯಾದ್ವಾದಾನೂ ಹಂಗೇ, ಅದು ಕಷ್ಟ ಮಕ್ಕಳಿಗೆ ಅರ್ಥ ಆಗಲ್ಲ ಅಂತಾರೆ. ಕಾಫಿ ರೇಟ್ ಏರಿದ್ದು ಒಳ್ಳೇದಾ ಅಂತ ಕೇಳಿ ನೋಡಿ, ಸಕಲೇಶಪುರದಲ್ಲಿ ತೋಟ ಇರೋರ ಮನೆ ಹುಡುಗಿ ಒಂದು ಹೇಳ್ತಾಳೆ, ಪುಡಿ ಕೊಂಡು ಕುಡಿಯೋರ ಮನೆ ಹುಡುಗ ಇನ್ನೊಂದು, ಯಾರ ಕಡೆಯಿಂದ ನೋಡಿದ್ರೆ ನಿಜ ಅನ್ನೋದನ್ನ ಅವ್ರೇ ಬಿಡಿಸಿ ಹೇಳ್ತಾರೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಸಲ್ಲೇಖನದ್ದು, ಅಂದ್ರೆ ಉಪವಾಸದಿಂದ ದೇಹ ಬಿಡೋ ವ್ರತದ್ದು. "ಇದು ಆತ್ಮಹತ್ಯೆ ಅಲ್ವಾ ಆಂಟಿ" ಅಂತ ಒಬ್ಳು ನೇರವಾಗಿ ಕೇಳಿದ್ಲು. ಇದನ್ನ ಮುಚ್ಚಿಡೋಕೆ ಆಗಲ್ಲ, ಯಾಕಂದ್ರೆ 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಹಾಗೇ ಹೇಳಿತ್ತು, ಅದೇ ತಿಂಗಳ ಕೊನೇಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು, ಎರಡನ್ನೂ ಹೇಳಿದೆ. ಪರಿಹಾರವೇ ಇಲ್ಲದ ವಿಪತ್ತು, ಬರಗಾಲ, ಮುಪ್ಪು, ಕಾಯಿಲೆ ಬಂದಾಗ, ಗುರುಗಳ ಒಪ್ಪಿಗೆ ಪಡೆದು, ಎಲ್ಲರ ಹತ್ರ ಕ್ಷಮೆ ಕೇಳಿ, ಸಿಟ್ಟು ದುಃಖ ಏನೂ ಇಲ್ಲದೆ ತಗೊಳ್ಳೋ ವ್ರತ ಅದು. ಮಾರ್ಕ್ಸ್ ಕಡಿಮೆ ಬಂತು, ಮನೇಲಿ ಬೈದ್ರು ಅಂತ ನೊಂದು ಮಾಡ್ಕೊಳ್ಳೋದನ್ನ ನಮ್ಮ ಧರ್ಮ ಯಾವತ್ತೂ ಒಪ್ಪಿಲ್ಲ ಅಂತಾನೂ ಬಿಡಿಸಿ ಹೇಳಿದೆ. ಯಾರಿಗಾದ್ರೂ ಅಂಥ ಯೋಚನೆ ಬಂದ್ರೆ ನನ್ನ ಹತ್ರಾನೇ ಬನ್ನಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತ ನಂಬರ್ ಬರೆಸ್ದೆ, ಕ್ಲಾಸ್ ಮುಗಿದ್ಮೇಲೆ ಆ ಹುಡುಗೀನ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡ್ದೆ. ಯಾವ ಧರ್ಮದ ಕ್ಲಾಸೇ ಆಗಲಿ, ಸಾವಿನ ಬಗ್ಗೆ ಮಗು ಕೇಳಿದಾಗ ದಯವಿಟ್ಟು ಮಾತು ಹಾರಿಸ್ಬೇಡಿ.

ಇನ್ನೊಂದು ಮಾತು. ಶ್ರವಣಬೆಳಗೊಳಕ್ಕೆ ಮಕ್ಕಳನ್ನ ಕರ್ಕೊಂಡು ಹೋಗೋರು ವಿಂಧ್ಯಗಿರಿ ಹತ್ತಿ, 58 ಅಡಿ ಗೊಮ್ಮಟನ ಮುಂದೆ ಫೋಟೊ ಹೊಡ್ಕೊಂಡು ವಾಪಸ್ ಬಂದ್ಬಿಡ್ತಾರೆ. ಎದುರಿಗಿರೋ ಚಂದ್ರಗಿರಿಗೂ ಕರ್ಕೊಂಡು ಹೋಗಿ. ಸಲ್ಲೇಖನ ತಗೊಂಡ ಮುನಿಗಳು, ಕಂತಿಯರ (ಸನ್ಯಾಸಿನಿಯರ) ಹೆಸರು ಅಲ್ಲಿ ಬಂಡೆ ಮೇಲೇ ಇವೆ, 7ನೇ ಶತಮಾನದ ಕನ್ನಡದಲ್ಲಿ, ಅದನ್ನ ಕೈಯಿಟ್ಟು ತೋರಿಸಿದ್ರೆ ಅರ್ಧ ಪಾಠ ಅಲ್ಲೇ ಆಗೋಗುತ್ತೆ.

ಹಾಗಾಗಿ ಜಿಲ್ಲೆಯ ಎಲ್ಲಾ ಬಸದಿ ಕಮಿಟಿಯೋರಿಗೆ ನನ್ನ ವಿನಂತಿ, ಎಂಟನೇ ಕ್ಲಾಸಿಂದ ಪಿಯುಸಿವರೆಗಿನ ಮಕ್ಕಳಿಗೆ ಬೇರೆ ಕ್ಲಾಸ್ ಮಾಡಿ, ಟೈಮು ಟ್ಯೂಷನ್‌ಗೆ ಅಡ್ಡ ಬರದಂಗೆ ಇಡಿ, ಮೊದಲ ಅರ್ಧ ಗಂಟೆ ಅವ್ರ ಪ್ರಶ್ನೆಗೇ ಬಿಟ್ಟುಬಿಡಿ, ಉತ್ರ ಗೊತ್ತಿಲ್ಲದಿದ್ರೆ ಮಠದಲ್ಲಿ ಕೇಳ್ಕೊಂಡು ಬಂದು ಮುಂದಿನ ವಾರ ಹೇಳಿ. ಹೋದ ಮಹಾಮಸ್ತಕಾಭಿಷೇಕ 2018ರಲ್ಲಿ ಆಯ್ತು, 12 ವರ್ಷಕ್ಕೊಂದು ಸಲ ಅಂದ್ರೆ ಮುಂದಿನದು 2030ಕ್ಕೆ. ಅವತ್ತು ಬೆಟ್ಟದ ಮೇಲೆ ಬರೋ ಲಕ್ಷಾಂತರ ಜನಕ್ಕೆ ಬಾಹುಬಲಿ ಗೆದ್ದ ಮೇಲೂ ರಾಜ್ಯ ಯಾಕೆ ಬಿಟ್ಟ ಅಂತ ಹೇಳಬೇಕಾದೋರು ಇದೇ ಮಕ್ಕಳು, ಕ್ಲಾಸನ್ನ ಮುನಿಗಳು ಒಂದೇ ಕಡೆ ಉಳಿಯೋ ಮಳೆಗಾಲದ ಈ ಚಾತುರ್ಮಾಸದಲ್ಲೇ ಶುರು ಮಾಡಿ.

ಇಂತಿ,
ಒಬ್ಬ ಓದುಗಿ, ಹಾಸನ