ಏರ್ ಆಂಬುಲೆನ್ಸ್ ವಿವರ ಆಸ್ಪತ್ರೆಯಲ್ಲೇ ಸಿಗಲಿ

ಮಾನ್ಯರೇ,

ರಜೆಗೆಂದು ಮನೆಮಂದಿಯೊಂದಿಗೆ ಗೋವಾಕ್ಕೆ ಬಂದಿದ್ದ ನಮ್ಮತ್ತೆ ಕಲಂಗೂಟ್‌ನಲ್ಲಿ ಮೆಟ್ಟಿಲಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡರು. 108ಕ್ಕೆ ಫೋನ್ ಮಾಡಿದ ಕೂಡಲೇ ಆಂಬುಲೆನ್ಸ್ ಬಂತು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಬೆಂಗಳೂರಿಗೆ ವಿಮಾನದಲ್ಲಿ ಸಾಗಿಸುವುದು ಹೇಗೆ ಅಂತ ಆಸ್ಪತ್ರೆಯಲ್ಲಿ ಹೇಳುವವರೇ ಇರಲಿಲ್ಲ. ಏಜೆಂಟರೊಬ್ಬರು ಲಕ್ಷಗಟ್ಟಲೆ ದರ ಹೇಳಿದರು. ಅದರಲ್ಲಿ ಡಾಕ್ಟರು, ಆಕ್ಸಿಜನ್, ಎರಡೂ ಊರಿನ ಆಂಬುಲೆನ್ಸ್ ಸೇರಿದೆಯಾ ಎಂದರೆ ಬಾಯಿ ಬಿಡಲಿಲ್ಲ.

ಜೀವಕ್ಕೆ ಅಪಾಯವಿಲ್ಲದಿದ್ದರೆ ಕೆಲವು ಕಂಪನಿಗಳ ಸಾಮಾನ್ಯ ವಿಮಾನದಲ್ಲೇ ಸೀಟು ಮಡಚಿ ಸ್ಟ್ರೆಚರ್ ಹಾಕುತ್ತಾರೆ, ಖರ್ಚೂ ಕಡಿಮೆ. ವಿಮಾನ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂಬ ಡಾಕ್ಟರ ಪತ್ರ ಬೇಕು. ವಿಮೆಯಿದ್ದರೆ ಹೊರಡುವ ಮೊದಲೇ ಕಂಪನಿಯ ಒಪ್ಪಿಗೆ ಪಡೆಯುವುದು ಒಳ್ಳೆಯದು. ಇಷ್ಟನ್ನು ಕನ್ನಡದಲ್ಲೂ ಬರೆದು ಆಸ್ಪತ್ರೆ, ಹೋಟೆಲ್‌ಗಳಲ್ಲಿ ಹಾಕಿಸಲು ಗೋವಾ ಸರ್ಕಾರ ಮುಂದಾಗಲಿ.

– ಓದುಗರು, ವಾಸ್ಕೋ